ಬ್ರೆಕ್ಸಿಟ್ ಜಗಳ, ಪ್ರಧಾನಿ ಬದಲಾವಣೆ: ತಲೆ ಕೆಡಿಸ್ಕೊಳ್ಳದೆ ಫಾಲೋ ಮಾಡೋದು ಹೇಗೆ

ಬ್ರೆಕ್ಸಿಟ್, ಅಂದ್ರೆ ಯುರೋಪಿನ ದೇಶಗಳ ಒಕ್ಕೂಟವಾದ ಯುರೋಪಿಯನ್ ಯೂನಿಯನ್ನನ್ನ (ಇಯು) ಬ್ರಿಟನ್ ಬಿಟ್ಟ ವಿಷಯದ ಬಗ್ಗೆ ಯಾರಾದ್ರೂ ವಾದಕ್ಕಿಳಿದ್ರೆ ಐದೇ ನಿಮಿಷಕ್ಕೆ ಮಾತು ಎಲ್ಲೆಲ್ಲೋ ಹೋಗಿರುತ್ತೆ. ಒಬ್ರು ವಲಸೆ ಅಂತಾರೆ, ಇನ್ನೊಬ್ರು ಐರ್ಲೆಂಡ್ ಗಡಿ ಅಂತಾರೆ, ಮತ್ತೊಬ್ರು ಆ ಕೆಂಪು ಬಸ್ಸಿನ ಕಥೆ ತೆಗೀತಾರೆ, ಅಷ್ಟ್ರಲ್ಲಿ ಯಾರೋ ಬಂದು ಆರು ಚಿಲ್ಲರೆ ವರ್ಷದಲ್ಲಿ ಐದು ಜನ ಪ್ರಧಾನಿಗಳನ್ನ ಕಂಡ ದೇಶ ಕಣ್ರಿ ಅದು ಅಂತ ನಗಾಡಿ ಹೋಗ್ತಾರೆ. ಹೇಳಿದ್ದೆಲ್ಲಾ ನಿಜಾನೇ, ಆದ್ರೆ ಕೇಳಿಸ್ಕೊಂಡೋರಿಗೆ ತಲೆ ಬುಡ ಗೊತ್ತಾಗಲ್ಲ.

ಇದನ್ನ ಬಿಡಿಸ್ಕೊಳ್ಳೋಕೆ ನಾನು ಹೇಳೋದು ಇಷ್ಟೇ, ಭಾಷಣ ಕೇಳೋದು ಕಮ್ಮಿ ಮಾಡಿ, ಓಟು ಎಣಿಸೋದು ಜಾಸ್ತಿ ಮಾಡಿ. ಕುರ್ಚಿ ಮೇಲಿನ ಆಸಾಮಿ ಬದಲಾದ ಅಂದ್ರೆ ಟಿವಿಯವರಿಗೆ ಹಬ್ಬ, ಆದ್ರೆ ಸಂಸತ್ತಿನ ಲೆಕ್ಕ ಹಾಗೇ ಇದ್ರೆ ಹೊಸಬರೂ ಹಳಬರು ಎಡವಿದ ಕಲ್ಲಿಗೇ ಎಡವ್ತಾರೆ. ಬ್ರಿಟನ್ನಿನ ಇಷ್ಟು ವರ್ಷದ ರಂಪದಲ್ಲಿ ಇದೊಂದು ಮಾತು ಇಟ್ಕೊಂಡು ಓದಿದ್ರೆ ಮುಕ್ಕಾಲು ಗೊಂದಲ ಹೋಗುತ್ತೆ.

ಮೊದ್ಲು ಯಾವ ಜಗಳ ಅಂತ ಗುರುತಿಸಿ

ಬ್ರೆಕ್ಸಿಟ್ ಅನ್ನೋ ಹೆಸ್ರಲ್ಲಿ ಮೂರು ಬೇರೆ ಬೇರೆ ಜಗಳ ನಡೀತಿತ್ತು, ಈಗ್ಲೂ ನಡೀತಿದೆ. ಯುರೋಪಿಯನ್ ಯೂನಿಯನ್ ಬಿಡ್ಬೇಕಾ ಬೇಡ್ವಾ ಅನ್ನೋದು ಒಂದು. ಬಿಟ್ರೆ ಹೇಗೆ ಬಿಡ್ಬೇಕು ಅನ್ನೋದು ಇನ್ನೊಂದು. ಇದನ್ನ ತೀರ್ಮಾನ ಮಾಡೋರು ಯಾರು, ಜನಾನಾ, ಸಂಸತ್ತಾ, ಸರ್ಕಾರಾನಾ, ಕೋರ್ಟಾ ಅನ್ನೋದು ಮೂರನೇದು. ಎದುರಿಗಿರೋರು ಮೂರನೇ ಜಗಳ ಆಡ್ತಿರುವಾಗ ನೀವು ಮೊದಲನೇದಕ್ಕೆ ಉತ್ತರ ಕೊಡ್ತಿದ್ರೆ ಬೆಳಗಾದ್ರೂ ಮುಗಿಯಲ್ಲ.

2016ರ ಜೂನ್ 23ರಂದು ಜನ ಉತ್ತರ ಕೊಟ್ಟಿದ್ದು ಮೊದಲನೇ ಪ್ರಶ್ನೆಗೆ ಮಾತ್ರ. ಬ್ಯಾಲೆಟ್ ಪೇಪರಿನಲ್ಲಿ ಇದ್ದದ್ದು ಇರೋದು, ಬಿಡೋದು ಅನ್ನೋ ಎರಡೇ ಬಾಕ್ಸು. ಬಿಡೋದು ಅಂದೋರು 51.9%, ಇರೋದು ಅಂದೋರು 48.1%, ಓಟ್ ಹಾಕಿದ್ದು 72.2% ಜನ. ಬಿಟ್ಟು ಹೋಗಿ ನಾರ್ವೆ ಥರ ಇರ್ಬೇಕಾ, ಕೆನಡಾ ಥರ ಒಪ್ಪಂದ ಮಾಡ್ಕೋಬೇಕಾ, ಏನೂ ಇಲ್ದೆ ಎದ್ದು ಹೋಗ್ಬೇಕಾ ಅಂತ ಯಾರೂ ಕೇಳಿರ್ಲಿಲ್ಲ. ಅದಕ್ಕೇ ಆಮೇಲೆ ಪ್ರತಿಯೊಬ್ಬ ರಾಜಕಾರಣಿಯೂ ಜನ ಕೇಳಿದ್ದು ಇದನ್ನೇ ಅಂತ ತಂತಮ್ಮ ಬ್ರೆಕ್ಸಿಟ್ಟನ್ನ ಮುಂದಿಟ್ರು. ಯಾರಾದ್ರೂ 'ಜನಾದೇಶ' ಅಂತ ಶುರು ಮಾಡಿದ್ರೆ ಯಾವ ಪ್ರಶ್ನೆಗೆ ಕೊಟ್ಟ ಆದೇಶ ಅಂತ ಒಂದ್ಸಲ ಕೇಳಿ ನೋಡಿ, ಅರ್ಧ ಜನ ಅಲ್ಲೇ ತಡವರಿಸ್ತಾರೆ.

ಹಾಗೇ ಆ 51.9ನ್ನ ಒಡೆದು ನೋಡೋ ಅಭ್ಯಾಸ ಮಾಡ್ಕೊಳ್ಳಿ. ಇಂಗ್ಲೆಂಡಿನಲ್ಲಿ 53.4% ಬಿಡೋದು ಅಂದ್ರು, ವೇಲ್ಸಲ್ಲಿ 52.5%. ಅದೇ ಸ್ಕಾಟ್ಲೆಂಡಿನಲ್ಲಿ 62% ಇರೋಣ ಅಂದ್ರು, ಉತ್ತರ ಐರ್ಲೆಂಡಿನಲ್ಲೂ 55.8% ಇರೋಣ ಅಂದ್ರು. ಸ್ಕಾಟ್ಲೆಂಡಿನವರು ನಮ್ಮನ್ನ ಬಲವಂತವಾಗಿ ಹೊರಗೆ ಎಳ್ಕೊಂಡ್ ಹೋದ್ರು ಅಂತ ಯಾಕೆ ಸಿಟ್ಟಾಗ್ತಾರೆ ಅಂತ ತಿಳಿಯೋಕೆ ಬೇರೆ ಪುಸ್ತಕ ಓದಬೇಕಾಗಿಲ್ಲ, ಈ ನಾಲ್ಕು ಅಂಕಿ ಸಾಕು.

ಎರಡೂ ಕಡೆಯ ಅಂಕಿಗಳನ್ನ ಹಿಂಡಿ ನೋಡಿ

ಬಿಡೋಣ ಅನ್ನೋರು ಪ್ರಚಾರಕ್ಕೆ ಓಡಿಸಿದ ಕೆಂಪು ಬಸ್ಸಿನ ವಿಷಯ ತಗೊಳ್ಳಿ. ವಾರಕ್ಕೆ 35 ಕೋಟಿ ಪೌಂಡ್ ಇಯುಗೆ ಕಳಿಸ್ತಿದೀವಿ, ಅದನ್ನ ನಮ್ಮ ಸರ್ಕಾರಿ ಎನ್‌ಎಚ್‌ಎಸ್ ಆಸ್ಪತ್ರೆಗಳಿಗೆ ಹಾಕೋಣ ಅನ್ನೋ ಬರಹ. ಇಲ್ಲಿ ಕೇಳ್ಬೇಕಾದ ಪ್ರಶ್ನೆ, ಇದು ಕಡಿತಕ್ಕೆ ಮುಂಚಿನ ಅಂಕಿನಾ ಆಮೇಲಿನದಾ ಅಂತ. ಪ್ರಧಾನಿಯಾಗಿದ್ದ ಮಾರ್ಗರೆಟ್ ಥ್ಯಾಚರ್ 1984ರಲ್ಲಿ ಹಠ ಹಿಡಿದು ಪಡ್ಕೊಂಡಿದ್ದ ರಿಯಾಯಿತಿ ಒಂದಿತ್ತು, ಅಷ್ಟು ದುಡ್ಡು ಬ್ರಿಟನ್ ಬಿಟ್ಟು ಹೋಗ್ತಾನೇ ಇರ್ಲಿಲ್ಲ. ಹೋದದ್ರಲ್ಲೂ ಒಂದಿಷ್ಟು ರೈತರಿಗೆ, ಹಿಂದುಳಿದ ಪ್ರದೇಶಗಳಿಗೆ ಅಂತ ವಾಪಸ್ ಬರ್ತಿತ್ತು. ಸರ್ಕಾರಿ ಅಂಕಿಅಂಶಗಳ ಮೇಲೆ ಕಣ್ಣಿಡೋ ಯುಕೆ ಸ್ಟ್ಯಾಟಿಸ್ಟಿಕ್ಸ್ ಅಥಾರಿಟಿ ಈ ಅಂಕಿ ದಾರಿ ತಪ್ಪಿಸೋಂಥದ್ದು ಅಂತ ಪ್ರಚಾರದ ಮಧ್ಯೆನೇ ಹೇಳ್ತು, ಬಸ್ಸು ಮಾತ್ರ ಓಡ್ತಾನೇ ಇತ್ತು.

ಇಷ್ಟು ಕೇಳಿ ಖುಷಿಯಾಗಿ ಅಲ್ಲಿಗೇ ನಿಲ್ಲಿಸ್ಬೇಡಿ, ಇನ್ನೊಂದು ಕಡೆಗೂ ಅದೇ ಜರಡಿ ಹಿಡೀರಿ. ಇಯು ಬಿಟ್ರೆ 2030ರ ಹೊತ್ತಿಗೆ ಪ್ರತಿ ಮನೆಗೂ ವರ್ಷಕ್ಕೆ 4,300 ಪೌಂಡ್ ನಷ್ಟ ಅಂತ ಆಗಿನ ಹಣಕಾಸು ಮಂತ್ರಿ ಜಾರ್ಜ್ ಆಸ್ಬೋರ್ನ್ ಅವರ ಖಜಾನೆ ಇಲಾಖೆ ಹೇಳಿತ್ತು. ಅದು ಮನೆಯೋರ ಜೇಬಿಂದ ಹೋಗೋ ದುಡ್ಡಲ್ಲ, ದೇಶದ ಒಟ್ಟು ಉತ್ಪನ್ನ ಇಲ್ಲಾಂದ್ರೆ ಎಷ್ಟಾಗ್ತಿತ್ತೋ ಅದಕ್ಕಿಂತ ಕಮ್ಮಿಯಾಗೋ ಅಂದಾಜನ್ನ ಮನೆಗಳ ಸಂಖ್ಯೆಯಿಂದ ಭಾಗಿಸಿದ್ದು. ಓಟಿನ ಮರುದಿನದಿಂದಲೇ ಆರ್ಥಿಕ ಹಿಂಜರಿತ ಶುರು ಅಂತಲೂ ಹೆದರಿಸಿದ್ರು, ಅದು ಆಗ್ಲಿಲ್ಲ. ಪೌಂಡ್ ಮಾತ್ರ ಡಾಲರ್ ಎದುರು 31 ವರ್ಷದಲ್ಲೇ ಕಾಣದಷ್ಟು ಕೆಳಗೆ ಬಿತ್ತು.

ಆಮೇಲಿನ ಗ್ರಾಫುಗಳನ್ನ ನೋಡುವಾಗ ಒಂದು ತಾರೀಕು ನೆನಪಿಟ್ಕೊಳ್ಳಿ, 2021ರ ಜನವರಿ 1. ಬ್ರಿಟನ್ ಇಯು ಬಿಟ್ಟಿದ್ದು 2020ರ ಜನವರಿ 31ಕ್ಕೆ, ಆದ್ರೆ ಆ ವರ್ಷ ಪೂರ್ತಿ ಹಳೇ ನಿಯಮಗಳೇ ನಡೀತಿದ್ವು. ಕಸ್ಟಮ್ಸ್ ಫಾರ್ಮು, ತಪಾಸಣೆ, ಓಡಾಟಕ್ಕೆ ತಡೆ ಎಲ್ಲಾ ಶುರುವಾಗಿದ್ದು 2021ರಿಂದ. ಹಾಗಾಗಿ 2020ರ ಕುಸಿತ ತೋರ್ಸಿ ನೋಡಿ ಬ್ರೆಕ್ಸಿಟ್ಟಿನ ಫಲ ಅನ್ನೋರು ಕೋವಿಡ್ಡನ್ನ ತೋರಿಸ್ತಿದಾರೆ. ಅದಕ್ಕೆ ಅಂತ ಎಲ್ಲಾನೂ ಕೋವಿಡ್ ತಲೆಗೆ ಕಟ್ಟೋದೂ ಸರಿಯಲ್ಲ, ಸರ್ಕಾರದ ಬಜೆಟ್ ಅಂದಾಜು ಮಾಡೋ ಸ್ವತಂತ್ರ ಸಂಸ್ಥೆ ಒಬಿಆರ್ ದೀರ್ಘಾವಧಿಯಲ್ಲಿ ಉತ್ಪಾದಕತೆ 4% ಕಮ್ಮಿಯಾಗುತ್ತೆ ಅನ್ನೋ ಲೆಕ್ಕ ಹಿಡ್ಕೊಂಡೇ ಕೆಲ್ಸ ಮಾಡ್ತಾ ಬಂದಿದೆ. ಅದೂ ಅಂದಾಜೇ, ಎಣಿಸಿದ ಅಂಕಿ ಅಲ್ಲ, ವಾದದಲ್ಲಿ ತರುವಾಗ ಹಾಗಂತ ಹೇಳಿಯೇ ತನ್ನಿ.

ಹೇಗೆ ಬಿಡೋದು ಅನ್ನೋ ಭಾಗ, ಇದಕ್ಕೆ ಸ್ವಲ್ಪ ತಾಳ್ಮೆ ಬೇಕು

ಇಲ್ಲಿ ಬರೀ ಮೂರು ವಿಷಯ ತಿಳ್ಕೊಂಡ್ರೆ ಸಾಕು, ಮಿಕ್ಕಿದ್ದು ತಾನಾಗೇ ಬರುತ್ತೆ.

ಕಸ್ಟಮ್ಸ್ ಯೂನಿಯನ್ ಅಂದ್ರೆ ಒಳಗಿನ ದೇಶಗಳ ಮಧ್ಯೆ ಸುಂಕ ಇಲ್ಲ, ಹೊರಗಿನ ದೇಶಗಳಿಗೆ ಎಲ್ರೂ ಒಂದೇ ಸುಂಕ. ಒಳಗಿದ್ರೆ ಅಮೆರಿಕದ ಜೊತೆ ನಂದೇ ಬೇರೆ ಸುಂಕದ ಒಪ್ಪಂದ ಅಂತ ಮಾಡ್ಕೊಳ್ಳೋಕೆ ಆಗಲ್ಲ. ಸಿಂಗಲ್ ಮಾರ್ಕೆಟ್ ಅಂದ್ರೆ ನಿಯಮಗಳೇ ಒಂದು, ಸಾಮಾನು, ಸೇವೆ, ಬಂಡವಾಳ, ಜನ ನಾಲ್ಕೂ ಓಡಾಡಬಹುದು. ನಾರ್ವೆ ಸಿಂಗಲ್ ಮಾರ್ಕೆಟ್ಟಿನಲ್ಲಿದೆ, ಕಸ್ಟಮ್ಸ್ ಯೂನಿಯನ್ನಿನಲ್ಲಿಲ್ಲ, ನಿಯಮ ಪಾಲಿಸುತ್ತೆ, ದುಡ್ಡೂ ಕೊಡುತ್ತೆ, ಆದ್ರೆ ನಿಯಮ ಮಾಡುವಾಗ ಓಟಿಲ್ಲ. ಟರ್ಕಿದು ಉಲ್ಟಾ, ಕೈಗಾರಿಕಾ ಸಾಮಾನಿಗೆ ಕಸ್ಟಮ್ಸ್ ಯೂನಿಯನ್ ಇದೆ, ಸಿಂಗಲ್ ಮಾರ್ಕೆಟ್ ಇಲ್ಲ. ಕೆನಡಾಗೆ ಎರಡೂ ಇಲ್ಲ, ಬರೀ ವ್ಯಾಪಾರ ಒಪ್ಪಂದ. ಯಾರಾದ್ರೂ ಸಾಫ್ಟ್ ಬ್ರೆಕ್ಸಿಟ್ ಹಾರ್ಡ್ ಬ್ರೆಕ್ಸಿಟ್ ಅಂದಾಗ ಯಾವ ದೇಶದ ಥರ ಅಂತ ಕೇಳಿ, ಬಾಯಿ ಮಾತಿನ ವಾದ ನೆಲಕ್ಕೆ ಇಳಿಯುತ್ತೆ.

ಮೂರನೇದು ಐರ್ಲೆಂಡ್ ಗಡಿ, ನಿಜವಾದ ಗಂಟು ಇದ್ದದ್ದೇ ಇಲ್ಲಿ. ಐರ್ಲೆಂಡ್ ದೇಶ ಇಯುನಲ್ಲಿದೆ, ಉತ್ತರ ಐರ್ಲೆಂಡ್ ಬ್ರಿಟನ್ನಿನ ಭಾಗ, ಮಧ್ಯೆ ಸುಮಾರು 500 ಕಿಲೋಮೀಟರ್ ಗಡಿ. ಉತ್ತರ ಐರ್ಲೆಂಡಿನ ದಶಕಗಳ ಹಿಂಸೆಗೆ ಕೊನೆ ಹಾಡಿದ 1998ರ ಗುಡ್ ಫ್ರೈಡೇ ಒಪ್ಪಂದ ಆದ್ಮೇಲೆ ಅಲ್ಲಿ ಸೈನಿಕರ ಚೆಕ್‌ಪೋಸ್ಟುಗಳೆಲ್ಲಾ ಹೋಗಿದ್ವು, ಅವು ಮತ್ತೆ ಬರೋದು ಯಾರಿಗೂ ಬೇಕಿರ್ಲಿಲ್ಲ. ಆದ್ರೆ ಗಡಿಯ ಎರಡೂ ಕಡೆ ಬೇರೆ ಸುಂಕ, ಬೇರೆ ನಿಯಮ ಆದ್ರೆ ತಪಾಸಣೆ ಎಲ್ಲಾದ್ರೂ ಒಂದು ಕಡೆ ಆಗ್ಲೇಬೇಕು. ಒಂದೋ ಐರ್ಲೆಂಡಿನ ನೆಲದ ಮೇಲೆ, ಇಲ್ಲಾಂದ್ರೆ ಐರಿಷ್ ಸಮುದ್ರದಲ್ಲಿ, ಅಂದ್ರೆ ಒಂದೇ ದೇಶದ ಎರಡು ಭಾಗಗಳ ಮಧ್ಯೆ, ಇಲ್ಲಾಂದ್ರೆ ಇಡೀ ಬ್ರಿಟನ್ನೇ ಇಯು ನಿಯಮಗಳ ಹತ್ರ ಉಳ್ಕೋಬೇಕು. ನಾಲ್ಕನೇ ದಾರಿ ಇದೆ, ಟೆಕ್ನಾಲಜಿ ಎಲ್ಲಾ ನೋಡ್ಕೊಳ್ಳುತ್ತೆ ಅಂತ ಹೇಳಿದೋರು ತುಂಬಾ ಜನ, ಎಲ್ಲಿ ತೋರ್ಸಿ ಅಂದ್ರೆ ಯಾರ ಹತ್ರನೂ ಇರ್ಲಿಲ್ಲ.

2016ರಲ್ಲಿ ಪ್ರಧಾನಿಯಾದ ಕನ್ಸರ್ವೇಟಿವ್ ಪಕ್ಷದ ಥೆರೇಸಾ ಮೇ ಅವರ ಬ್ಯಾಕ್‌ಸ್ಟಾಪ್ ಹಾವೂ ಸಾಯಬಾರದು ಕೋಲೂ ಮುರೀಬಾರದು ಅನ್ನೋ ಪ್ಲಾನು. ಬೇರೆ ಪರಿಹಾರ ಸಿಗೋವರೆಗೂ ಇಡೀ ಬ್ರಿಟನ್ ಇಯು ಜೊತೆ ಒಂದೇ ಕಸ್ಟಮ್ಸ್ ವ್ಯವಸ್ಥೆಯಲ್ಲಿ ಇರೋದು, ಉತ್ತರ ಐರ್ಲೆಂಡ್ ಇನ್ನಷ್ಟು ನಿಯಮ ಪಾಲಿಸೋದು. ಇದ್ರಿಂದ ನಾವೇ ಬೇಕಂದಾಗ ಹೊರಗೆ ಬರೋಕಾಗಲ್ಲ ಅಂತ ಕಟ್ಟಾ ಬ್ರೆಕ್ಸಿಟ್ಟಿನವರು ಕೂಗಾಡಿದ್ರು, ನಮ್ಮನ್ನ ಬೇರೆ ಮಾಡ್ತಿದೀರ ಅಂತ ಬ್ರಿಟನ್ ಜೊತೆಗೇ ಇರ್ಬೇಕು ಅನ್ನೋ ಉತ್ತರ ಐರ್ಲೆಂಡಿನ ಪಕ್ಷ ಡಿಯುಪಿಯವರು ಮುನಿಸ್ಕೊಂಡ್ರು.

ಈಗ ಓಟು ಎಣಿಸಿ

ಸಂಸತ್ತಿನ ಕೆಳಮನೆ ಹೌಸ್ ಆಫ್ ಕಾಮನ್ಸಲ್ಲಿ 650 ಸೀಟು. ಸ್ಪೀಕರ್, ಅವರ ಡೆಪ್ಯುಟಿಗಳು ಸಾಮಾನ್ಯವಾಗಿ ಓಟ್ ಹಾಕಲ್ಲ, ಐರ್ಲೆಂಡ್ ಒಂದಾಗ್ಬೇಕು ಅನ್ನೋ ಸಿನ್ ಫೇನ್ ಪಕ್ಷದವರು ಗೆದ್ರೂ ಕೂರೋಕೆ ಬರೋದೇ ಇಲ್ಲ. ಹಾಗಾಗಿ ಆಗಿನ ಸಂಸತ್ತಿನಲ್ಲಿ ಗೆಲ್ಲೋಕೆ 320ರ ಹತ್ರ ಇದ್ರೆ ಸಾಕಿತ್ತು. ಥೆರೇಸಾ ಮೇ ಅವರು 2017ರಲ್ಲಿ ಬಹುಮತ ಹೆಚ್ಚಿಸ್ಕೊಳ್ಳೋಣ ಅಂತ ಚುನಾವಣೆಗೆ ಹೋಗಿ ಇದ್ದ ಬಹುಮತಾನೂ ಕಳ್ಕೊಂಡು 317ಕ್ಕೆ ಬಂದ್ರು, ಡಿಯುಪಿಯ 10 ಜನರ ಆಸರೆ ತಗೊಂಡ್ರು. ಅಂದ್ರೆ ತಮ್ಮ ಕಡೆಯಿಂದ ಹತ್ತು ಜನ ತಿರುಗಿ ಬಿದ್ರೂ ಕಷ್ಟ. ಬಿದ್ದೋರು ಎಷ್ಟು ಜನ ಅಂತ ಮೇ ಅವರು ಇಯು ಜೊತೆ ಮಾಡ್ಕೊಂಡ ಒಪ್ಪಂದಕ್ಕೆ ಓಟಾದ 2019ರ ಜನವರಿ 15ರ ರಾತ್ರಿ ಗೊತ್ತಾಯ್ತು.

ಆ ಓಟಿಂಗ್ ಹೇಗೆ ನಡೆಯುತ್ತೆ ಅಂತ ಒಂದ್ಸಲ ಹಳೇ ವಿಡಿಯೋ ಹಾಕ್ಕೊಂಡು ನೋಡಿ. ಬೆಲ್ಲು ಹೊಡೆಯುತ್ತೆ, ಎಂಪಿಗಳು ಬಟನ್ ಒತ್ತಲ್ಲ, ಎದ್ದು ಹೋಗಿ ಹೌದು ಅನ್ನೋರು ಒಂದು ಲಾಬಿಯಲ್ಲಿ, ಇಲ್ಲ ಅನ್ನೋರು ಇನ್ನೊಂದು ಲಾಬಿಯಲ್ಲಿ ನಡ್ಕೊಂಡು ಹೋಗ್ತಾರೆ, ಬಾಗಿಲಲ್ಲಿ ನಿಂತ ಟೆಲ್ಲರುಗಳು ತಲೆ ಎಣಿಸ್ತಾರೆ. ಆಮೇಲೆ ನಾಲ್ಕು ಟೆಲ್ಲರುಗಳು ಸ್ಪೀಕರ್ ಎದುರು ಸಾಲಾಗಿ ನಿಲ್ತಾರೆ, ಓದೋದು ಗೆದ್ದ ಕಡೆಯವರು, ಅದಕ್ಕೇ ಚೀಟಿ ಯಾರ ಕೈಲಿದೆ ಅಂತ ನೋಡಿದ್ರೆ ಓದೋ ಮೊದ್ಲೇ ಸದನಕ್ಕೆ ಗೊತ್ತಾಗಿರುತ್ತೆ. ಅವತ್ತು ಓದಿದ್ದು, ಪರ 202, ವಿರೋಧ 432. ಅಂತರ 230, ಆಧುನಿಕ ಕಾಲದಲ್ಲಿ ಯಾವ ಬ್ರಿಟಿಷ್ ಸರ್ಕಾರಾನೂ ಇಷ್ಟು ಹೀನಾಯವಾಗಿ ಸೋತಿರ್ಲಿಲ್ಲ. ಸ್ವಂತ ಪಕ್ಷದ 118 ಎಂಪಿಗಳೇ ಎದುರು ಓಟ್ ಹಾಕಿದ್ರು. ಮಾರ್ಚ್ 12ಕ್ಕೆ ಮತ್ತೆ ತಂದ್ರು, 149ರಲ್ಲಿ ಸೋತ್ರು. ಮಾರ್ಚ್ 29ಕ್ಕೆ 58ರಲ್ಲಿ ಸೋತ್ರು.

ಇಲ್ಲಿ ಗಮನಿಸ್ಬೇಕಾದ್ದು ಬರೀ ಸೋಲಲ್ಲ, ವಿರೋಧ ಹಾಕಿದ 432 ಜನ ಒಂದು ಗುಂಪಲ್ಲ ಅನ್ನೋದು. ಜೇಕಬ್ ರೀಸ್-ಮಾಗ್ ಥರದವರು ಇದು ಬ್ರೆಕ್ಸಿಟ್ಟೇ ಅಲ್ಲ ಅಂತ ವಿರೋಧ, ಡೊಮಿನಿಕ್ ಗ್ರೀವ್ ಥರದವರು ಬ್ರೆಕ್ಸಿಟ್ಟೇ ಬೇಡ ಅಂತ ವಿರೋಧ, ಮುಖ್ಯ ವಿರೋಧ ಪಕ್ಷ ಲೇಬರ್ ತನ್ನದೇ ಲೆಕ್ಕಕ್ಕೆ ವಿರೋಧ. ಎತ್ತು ಏರಿಗೆ ಕೋಣ ನೀರಿಗೆ ಅಂತಾರಲ್ಲ ಹಾಗೆ, ಒಂದೇ ಲಾಬಿಯಲ್ಲಿ ನಡೆದೋರು ಎದುರುಬದುರು ದಿಕ್ಕಿಗೆ ಹೊರಟೋರು. ಸರಿ ನೀವೇ ಹೇಳಿ ಏನು ಬೇಕು ಅಂತ ಸಂಸತ್ತಿಗೇ ಬಿಟ್ಟಾಗ ಮಾರ್ಚ್ 27ಕ್ಕೆ ಯಾವ ಆಯ್ಕೆಗೂ ಬಹುಮತ ಸಿಗ್ಲಿಲ್ಲ, ಏಪ್ರಿಲ್ 1ಕ್ಕೂ ಸಿಗ್ಲಿಲ್ಲ. ಕನ್ಸರ್ವೇಟಿವ್ ಎಂಪಿ ಕೆನ್ ಕ್ಲಾರ್ಕ್ ತಂದ ಕಸ್ಟಮ್ಸ್ ಯೂನಿಯನ್ ಪ್ರಸ್ತಾಪ 273-276, ಬರೀ ಮೂರು ಓಟಲ್ಲಿ ಹೋಯ್ತು. ನಂಗೆ ಕೇಳಿದ್ರೆ ಇಡೀ ಬ್ರೆಕ್ಸಿಟ್ ಕಥೆಯಲ್ಲಿ ಎಲ್ರೂ ಮರೆತಿರೋ, ಆದ್ರೆ ಮರೀಬಾರದ ಅಂಕಿ ಅದು. ಆ ಮೂರು ಓಟು ಬೇರೆ ಕಡೆ ಬಿದ್ದಿದ್ರೆ ರಾಜಿಗೆ ಒಂದು ದಾರಿಯಾದ್ರೂ ಕಾಣ್ತಿತ್ತು.

ಪ್ರಧಾನಿ ಬದಲಾದಾಗ ಏನು ನೋಡ್ಬೇಕು

ಮೊದ್ಲು ನಿಯಮ ತಿಳ್ಕೊಳ್ಳಿ, ಇಲ್ಲಾಂದ್ರೆ ಯಾರೂ ಓಟ್ ಹಾಕದ ಪ್ರಧಾನಿ ಅನ್ನೋ ಮಾತಿಗೆ ಸುಮ್ನೆ ಸಿಕ್ಕಾಕೊಳ್ತೀರಿ. ಬ್ರಿಟನ್ನಲ್ಲಿ ಜನ ಆರಿಸೋದು ಎಂಪಿಯನ್ನ, ಕಾಮನ್ಸಿನ ವಿಶ್ವಾಸ ಯಾರಿಗಿದೆಯೋ ಅವರನ್ನ ರಾಜ ಅಥವಾ ರಾಣಿ ಸರ್ಕಾರ ಮಾಡಿ ಅಂತ ಕರೀತಾರೆ. ಮಧ್ಯದಲ್ಲಿ ಪಕ್ಷ ನಾಯಕನನ್ನ ಬದಲಾಯಿಸಿದ್ರೆ ಪ್ರಧಾನಿಯೂ ಬದಲಾಗ್ತಾರೆ, ಚುನಾವಣೆ ಬೇಕಾಗಿಲ್ಲ. 1990ರಲ್ಲಿ ಜಾನ್ ಮೇಜರ್, 2007ರಲ್ಲಿ ಗಾರ್ಡನ್ ಬ್ರೌನ್, 2016ರಲ್ಲಿ ಥೆರೇಸಾ ಮೇ, 2019ರಲ್ಲಿ ಬೋರಿಸ್ ಜಾನ್ಸನ್, 2022ರಲ್ಲಿ ಲಿಜ್ ಟ್ರಸ್, ಆಮೇಲೆ ರಿಷಿ ಸುನಕ್, ಎಲ್ರೂ ಬಂದಿದ್ದು ಹೀಗೇ. ಇದು ಕಾನೂನುಬಾಹಿರ ಅನ್ನೋ ವಾದ ನಿಲ್ಲಲ್ಲ. ಜನರ ಮುಂದೆ ಇಡದ ಹೊಸ ಕಾರ್ಯಕ್ರಮ ತರೋಕೆ ನೈತಿಕ ಹಕ್ಕಿದೆಯಾ ಅನ್ನೋ ವಾದ ನಿಲ್ಲುತ್ತೆ, ಆಡೋದಾದ್ರೆ ಅದನ್ನ ಆಡಿ.

ಎರಡನೇದು, ಅಭ್ಯರ್ಥಿ ಯಾರ ಜೊತೆ ಮಾತಾಡ್ತಿದಾರೆ ಅಂತ ನೋಡಿ. ಕನ್ಸರ್ವೇಟಿವ್ ಪಕ್ಷದಲ್ಲಿ ಎಂಪಿಗಳು ಸುತ್ತಿನ ಮೇಲೆ ಸುತ್ತು ಓಟ್ ಹಾಕಿ ಇಬ್ಬರನ್ನ ಉಳಿಸ್ತಾರೆ, ಆ ಇಬ್ಬರಲ್ಲಿ ಒಬ್ಬರನ್ನ ಆರಿಸೋದು ಪಕ್ಷದ ಸದಸ್ಯರು. 2019ರಲ್ಲಿ ಜಾನ್ಸನ್‌ಗೆ 92,153, ಜೆರೆಮಿ ಹಂಟ್‌ಗೆ 46,656. ಕೋಟಿಗಟ್ಟಲೆ ಮತದಾರರಿರೋ ದೇಶದ ಪ್ರಧಾನಿ ಯಾರು ಅಂತ ಇಷ್ಟೇ ಜನ ತೀರ್ಮಾನ ಮಾಡಿದ್ರು. ಸತ್ತರೂ ಸರಿ ಅಕ್ಟೋಬರ್ 31ಕ್ಕೆ ಹೊರಗೆ ಬರ್ತೀವಿ ಅನ್ನೋ ಜಾನ್ಸನ್ ಮಾತು ಆ ಸದಸ್ಯರಿಗೆ ಹೇಳಿದ್ದು. ಅವರಿಗೆ ಇಷ್ಟ ಆಗೋದು ಬೇರೆ, ಕಾಮನ್ಸಲ್ಲಿ ಪಾಸಾಗೋದು ಬೇರೆ.

ಆಮೇಲೇನಾಯ್ತು ನೋಡಿ. ಸೆಪ್ಟೆಂಬರ್ 3ಕ್ಕೆ ಜಾನ್ಸನ್ ಎದ್ದು ಮಾತಾಡ್ತಿರುವಾಗಲೇ ಅವರದೇ ಪಕ್ಷದ ಫಿಲಿಪ್ ಲೀ ಎದ್ದು ಆ ಕಡೆ ಹೋಗಿ ಲಿಬರಲ್ ಡೆಮೋಕ್ರಾಟ್ಸ್ ಬೆಂಚಲ್ಲಿ ಕೂತ್ರು, ಇದ್ದ ಒಂದೇ ಒಂದು ಓಟಿನ ಬಹುಮತ ಹೋಯ್ತು. ಅದೇ ರಾತ್ರಿ ಸರ್ಕಾರದ ವಿರುದ್ಧ ಓಟ್ ಹಾಕಿದ 21 ಎಂಪಿಗಳನ್ನ ಪಕ್ಷದ ಗುಂಪಿಂದ ಹೊರಗೆ ಹಾಕಿದ್ರು, ಅದ್ರಲ್ಲಿ ಕೆನ್ ಕ್ಲಾರ್ಕ್ ಇದ್ರು, ಚರ್ಚಿಲ್ ಮೊಮ್ಮಗ ನಿಕೋಲಸ್ ಸೋಮ್ಸ್ ಇದ್ರು. ಒಪ್ಪಂದ ಇಲ್ದಿದ್ರೆ ಗಡುವು ಮುಂದೂಡೋಕೆ ಕೇಳ್ಲೇಬೇಕು ಅಂತ ಸಂಸತ್ತು ಕಾನೂನು ಮಾಡ್ತು. ಪ್ರಧಾನಿ ಪತ್ರ ಕಳಿಸಿದ್ರು, ಸಹಿ ಹಾಕದೆ! ಅಕ್ಟೋಬರ್ 31 ಬಂತು, ಹೋಯ್ತು, ಬ್ರಿಟನ್ ಒಳಗೇ ಇತ್ತು.

ಹಾಗಂತ ವ್ಯಕ್ತಿಯಿಂದ ಏನೂ ಆಗಲ್ಲ ಅಂತ ನಾನು ಹೇಳ್ತಿಲ್ಲ. ಜಾನ್ಸನ್ ಬ್ಯಾಕ್‌ಸ್ಟಾಪ್ ಬಿಟ್ಟು ತಪಾಸಣೆಯನ್ನ ಐರಿಷ್ ಸಮುದ್ರಕ್ಕೆ ತಳ್ಳಿದ್ರು, ಡಿಯುಪಿಯನ್ನ ಕೈಬಿಟ್ರು, ಅಕ್ಟೋಬರ್ 22ಕ್ಕೆ ಅದೇ ಹಳೇ ಸಂಸತ್ತಲ್ಲಿ ಮಸೂದೆಗೆ 329-299ರ ತಾತ್ವಿಕ ಒಪ್ಪಿಗೆನೂ ಸಿಕ್ತು. ಆದ್ರೆ ಬೇಗ ಮುಗಿಸೋ ವೇಳಾಪಟ್ಟಿಯನ್ನ ಅದೇ ಸಂಜೆ ಸೋಲಿಸಿದ್ರು. ಕೊನೆಗೆ ಬಾಗಿಲು ತೆಗೆದದ್ದು ಡಿಸೆಂಬರ್ 12ರ ಚುನಾವಣೆ, 365 ಸೀಟು, 80ರ ಬಹುಮತ. ಲೆಕ್ಕ ಬದಲಾಯ್ತು, ಏಳು ವಾರದಲ್ಲಿ ಬ್ರಿಟನ್ ಹೊರಗಿತ್ತು.

ಕೋರ್ಟಿನ ಸುದ್ದಿ ಬಂದಾಗ್ಲೂ ಮೂರು ಜಗಳದಲ್ಲಿ ಯಾವ್ದು ಅಂತ ಕೇಳ್ಕೊಳ್ಳಿ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ 8-3ರಲ್ಲಿ ಹೇಳಿದ್ದು ಹೊರಹೋಗೋ ನೋಟಿಸ್ ಕೊಡೋಕೆ ಸಂಸತ್ತಿನ ಅನುಮತಿ ಬೇಕು ಅಂತ. 2019ರ ಸೆಪ್ಟೆಂಬರ್ 24ಕ್ಕೆ 11 ಜಡ್ಜುಗಳೂ ಒಮ್ಮತದಿಂದ ಹೇಳಿದ್ದು ಜಾನ್ಸನ್ ಸಂಸತ್ತನ್ನ ಐದು ವಾರ ಮುಚ್ಚಿಸಿದ್ದು ಕಾನೂನಿಗೆ ವಿರುದ್ಧ ಅಂತ. ಎರಡರಲ್ಲೂ ಬ್ರೆಕ್ಸಿಟ್ ಬೇಕು ಬೇಡ ಅನ್ನೋ ಮಾತೇ ಇಲ್ಲ.

2022ರ ಗಲಾಟೆಗೂ ಇದೇ ಅಳತೆ ಹಿಡೀರಿ. ಟ್ರಸ್‌ಗೆ ಸದಸ್ಯರಲ್ಲಿ 81,326 ಓಟು, ಸುನಕ್‌ಗೆ 60,399, ಆದ್ರೆ ಎಂಪಿಗಳ ಸುತ್ತುಗಳಲ್ಲಿ ಮುಂದಿದ್ದದ್ದು ಸುನಕ್. ಎಂಪಿಗಳ ಮನಸ್ಸಿನಲ್ಲಿ ಮೊದಲನೇ ಆಯ್ಕೆ ಅಲ್ಲದ ನಾಯಕಿಯ ಸರ್ಕಾರ ಸೆಪ್ಟೆಂಬರ್ 23ಕ್ಕೆ ಸುಮಾರು 4,500 ಕೋಟಿ ಪೌಂಡಿನ ತೆರಿಗೆ ಕಡಿತ ಘೋಷಿಸ್ತು, ದುಡ್ಡು ಎಲ್ಲಿಂದ ಬರುತ್ತೆ ಅಂತ ಹೇಳ್ಲಿಲ್ಲ, ಮಾರುಕಟ್ಟೆ ಅಲ್ಲಾಡಿತು, ಬ್ಯಾಂಕ್ ಆಫ್ ಇಂಗ್ಲೆಂಡ್ ಮಧ್ಯೆ ಬರ್ಬೇಕಾಯ್ತು, ಅಕ್ಟೋಬರ್ 20ಕ್ಕೆ ಟ್ರಸ್ ರಾಜೀನಾಮೆ. ಮುಂದಿನ ಸಲ 100 ಎಂಪಿಗಳ ಬೆಂಬಲ ಇದ್ರೆ ಮಾತ್ರ ನಿಲ್ಲಬಹುದು ಅಂದ್ರು, ಸುನಕ್ ಎದುರು ನಿಲ್ಲೋಕೆ ಹೊರಟಿದ್ದ ಪೆನ್ನಿ ಮಾರ್ಡಂಟ್ ಕೊನೇ ಗಳಿಗೆಯಲ್ಲಿ ಹಿಂದೆ ಸರಿದ್ರು, ಸದಸ್ಯರವರೆಗೆ ಓಟು ಹೋಗ್ಲೇ ಇಲ್ಲ.

ಲೇಬರ್ ಪಕ್ಷದ ಕಥೆ ಬೇರೆ, ಎರಡನ್ನ ಬೆರೆಸ್ಬೇಡಿ. 2016ರಲ್ಲಿ ಪಕ್ಷದ ನಾಯಕ ಜೆರೆಮಿ ಕಾರ್ಬಿನ್ ವಿರುದ್ಧ ಅವರ ಎಂಪಿಗಳೇ 172-40ರಲ್ಲಿ ಅವಿಶ್ವಾಸ ಹಾಕಿದ್ರು, ಅವರು ಜಗ್ಗಲಿಲ್ಲ, ಮತ್ತೆ ಪಕ್ಷದೊಳಗೆ ಸ್ಪರ್ಧೆ ಆಗಿ 61.8% ತಗೊಂಡು ಗೆದ್ರು. ಅಲ್ಲಿ ಎಂಪಿಗಳ ಅವಿಶ್ವಾಸಕ್ಕೆ ನಾಯಕನನ್ನ ಇಳಿಸೋ ಶಕ್ತಿ ಇಲ್ಲ. ಟೋರಿಗಳಲ್ಲಿ, ಅಂದ್ರೆ ಕನ್ಸರ್ವೇಟಿವ್ ಪಕ್ಷದಲ್ಲಿ, 2018, 2022ರ ಹೊತ್ತಿಗೆ 15% ಎಂಪಿಗಳು ಗುಟ್ಟಾಗಿ ಪತ್ರ ಕೊಟ್ರೆ ವಿಶ್ವಾಸಮತ ಆಗ್ಲೇಬೇಕಿತ್ತು. ಮೇ 200-117ರಲ್ಲಿ ಗೆದ್ದೂ ಐದೂವರೆ ತಿಂಗಳಲ್ಲಿ ಹೋಗ್ತೀನಿ ಅಂದ್ರು, ಜಾನ್ಸನ್ 211-148ರಲ್ಲಿ ಗೆದ್ದೂ ಒಂದೇ ತಿಂಗಳಲ್ಲಿ ಹೋಗ್ತೀನಿ ಅಂದ್ರು. ಹಾಗಾಗಿ ವಿಶ್ವಾಸಮತ ಗೆದ್ರು, ಸೇಫ್ ಆದ್ರು ಅನ್ನೋ ಹೆಡ್‌ಲೈನ್ ಬಂದ್ರೆ ವಿರುದ್ಧ ಬಿದ್ದ ಓಟು ಎಷ್ಟು ಅನ್ನೋ ಸಾಲಿಗೆ ನೇರ ಹೋಗಿ.

ಸೀಟಿನ ಅಂಕಿಯ ಪಕ್ಕದಲ್ಲಿ ಓಟಿನ ಶೇಕಡಾವಾರೂ ಬರ್ಕೊಳ್ಳಿ, ಎರಡೂ ಒಂದೇ ಕಥೆ ಹೇಳಲ್ಲ. 2024ರ ಜುಲೈ 4ರಂದು ಲೇಬರ್ ನಾಯಕ ಕೀರ್ ಸ್ಟಾರ್ಮರ್ ನಾನೂರಕ್ಕೂ ಹೆಚ್ಚು ಸೀಟು ಗೆದ್ರು, ಓಟು ಬಂದಿದ್ದು 33.7%. ಕಟ್ಟಾ ಬ್ರೆಕ್ಸಿಟ್ ಪರದ ನೈಜಲ್ ಫರಾಜ್ ಅವರ ರಿಫಾರ್ಮ್ ಪಕ್ಷಕ್ಕೆ 14.3% ಓಟು, ಸೀಟು ಬರೀ ಐದು. ಸಿಂಗಲ್ ಮಾರ್ಕೆಟ್ಟಿಗಾಗ್ಲಿ ಕಸ್ಟಮ್ಸ್ ಯೂನಿಯನ್ನಿಗಾಗ್ಲಿ ವಾಪಸ್ ಹೋಗಲ್ಲ ಅಂತ ಲೇಬರ್ ಪ್ರಣಾಳಿಕೆಯಲ್ಲೇ ಬರೆದಿತ್ತು, ಇಷ್ಟು ದೊಡ್ಡ ಬಹುಮತ ಇದ್ದೂ ಅವರು ಯಾಕೆ ಇಯು ಹೆಸರೆತ್ತೋಕೆ ಹಿಂಜರೀತಿದ್ರು ಅಂತ ಆಶ್ಚರ್ಯ ಆದ್ರೆ ಆ ಶೇಕಡಾವಾರು ನೋಡಿ.

ಕೊನೇಗೆ ಒಂದು ಕೆಲ್ಸ ಮಾಡಿ, ಇದಕ್ಕೆ ದುಡ್ಡೂ ಬೇಡ ಲಾಗಿನ್ನೂ ಬೇಡ. ಬ್ರಿಟಿಷ್ ಸಂಸತ್ತಿನ ಪ್ರತಿ ಮಾತು ಹ್ಯಾನ್ಸರ್ಡ್ ಅನ್ನೋ ದಾಖಲೆಯಲ್ಲಿದೆ, ಪ್ರತಿ ಓಟಿನಲ್ಲೂ ಯಾವ ಎಂಪಿ ಯಾವ ಕಡೆ ನಡೆದ್ರು ಅಂತ ಹೆಸರು ಸಮೇತ ಪಟ್ಟಿ ಇದೆ. ನಿಮಗೆ ಇಷ್ಟವಾದ ಒಬ್ರು, ಕಂಡ್ರಾಗದ ಒಬ್ರು, ಇಬ್ಬರನ್ನ ತಗೊಂಡು 2019ರ ಜನವರಿ 15, ಮಾರ್ಚ್ 29, ಏಪ್ರಿಲ್ 1 ಈ ಮೂರು ದಿನದ ಪಟ್ಟಿ ತೆಗೀರಿ. ಜಾನ್ಸನ್ ಹೆಸರಿಂದಲೇ ಶುರು ಮಾಡಬಹುದು, ಮೇ ಒಪ್ಪಂದಕ್ಕೆ ಎರಡು ಸಲ ಇಲ್ಲ ಅಂದೋರು ಮೂರನೇ ಸಲ ಹೌದು ಲಾಬಿಯಲ್ಲಿ ಸಿಗ್ತಾರೆ, ಮೇ ನಾನು ಇಳೀತೀನಿ ಅಂತ ಪಕ್ಷದವರಿಗೆ ಮಾತು ಕೊಟ್ಟು ಆಗ ಎರಡೇ ದಿನ ಆಗಿತ್ತು.